ಗಂಟಲು ಕೈಕೊಟ್ಟ ಮೇಲೆ ಮತ್ತೆ ವೇದಿಕೆ ಏರುವುದು ಹೇಗೆ? ಬಲ್ಲವರ ಅನುಭವದ ಮಾತು

ಕೇಳಿದ್ದು

ನಮಸ್ಕಾರ. ಶಾಸ್ತ್ರೀಯ ಸಂಗೀತವನ್ನೂ ಭಾವಗೀತೆಯನ್ನೂ ಹಾಡುತ್ತೇನೆ, ಹಾಡಿಕೆಯಿಂದಲೇ ನನ್ನ ಜೀವನ. ಮೇಲಿನ ಸ್ಥಾಯಿಯಲ್ಲಿ ದನಿ ಒಡೆಯುತ್ತಿದೆ ಎಂದು ತೋರಿಸಿದಾಗ ಧ್ವನಿತಂತುಗಳ ಮೇಲೆ ಗಂಟು ಬಂದಿದೆ ಎಂದರು. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳನ್ನು ಬಿಟ್ಟುಕೊಡಬೇಕಾಯಿತು. ಸಾಲದ್ದಕ್ಕೆ ನಮ್ಮ ತಂಡದ ಕೀಬೋರ್ಡ್ ವಾದಕರಿಗೂ ಮಣಿಕಟ್ಟು ನೋವು, ಬೆರಳು ಜೋಮು. "ರೆಸ್ಟ್ ತಗೊಳ್ಳಿ, ಎಲ್ಲ ಸರಿಹೋಗುತ್ತೆ" ಎನ್ನುವವರು ಬೇಕಾದಷ್ಟು ಜನ. ಯಾವ ವಾರ ಏನು ಮಾಡಬೇಕು, ಎಷ್ಟು ಹೊತ್ತು ಹಾಡಬಹುದು, ಅಲ್ಲಿಯವರೆಗೆ ಹೊಟ್ಟೆಪಾಡಿಗೆ ಏನು ದಾರಿ, ಇದನ್ನು ಬಿಡಿಸಿ ಹೇಳುವವರು ಸಿಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಧ್ವನಿ ತರಬೇತಿ ಕೊಡುವವರ ಉತ್ತರ

ಮೊದಲು "ಗಂಟು" ಎಂದರೆ ನಿಮ್ಮ ವಿಷಯದಲ್ಲಿ ಯಾವುದು ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಎಲ್ಲವೂ ಗಂಟೇ, ಆದರೆ ಒಂದೊಂದರ ದಾರಿ ಒಂದೊಂದು. ನಾಡ್ಯೂಲ್ ಆದರೆ ಸಾಮಾನ್ಯವಾಗಿ ಎರಡೂ ತಂತುಗಳಲ್ಲಿ ಎದುರುಬದುರು ಇರುತ್ತದೆ. ಮುಂದಿನ ಮೂರನೇ ಒಂದು ಭಾಗ ಮುಗಿದು ನಡುಭಾಗ ಶುರುವಾಗುವ ಕಡೆ, ಅಂದರೆ ತಂತುಗಳು ಅತಿ ಜೋರಾಗಿ ಬಡಿದುಕೊಳ್ಳುವ ಜಾಗದಲ್ಲಿ ಅದು ಬೆಳೆಯುತ್ತದೆ. ಇದಕ್ಕೆ ಮೊದಲ ಚಿಕಿತ್ಸೆ ವಾಯ್ಸ್ ಥೆರಪಿಯೇ (ದನಿ ಬಳಸುವ ರೀತಿಯನ್ನು ತಿದ್ದುವ ತರಬೇತಿ), ಬಹಳಷ್ಟು ಜನಕ್ಕೆ ಕತ್ತರಿ ಬೇಕಾಗುವುದಿಲ್ಲ. ಪಾಲಿಪ್ ಹೆಚ್ಚಾಗಿ ಒಂದೇ ಕಡೆ ಇರುತ್ತದೆ, ಒಮ್ಮೆ ಜೋರಾಗಿ ಕಿರುಚಿದ್ದರಿಂದಲೂ ಬರಬಹುದು. ಸಿಸ್ಟ್, ಅಂದರೆ ತಂತುವಿನೊಳಗಿನ ಪುಟ್ಟ ಚೀಲ, ಥೆರಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ತಂತುವಿನೊಳಗೆ ರಕ್ತ ಸುರಿದಿದ್ದರೆ ಮಾತ್ರ ಅದು ತುರ್ತು: ಆ ಹೊತ್ತಿನಿಂದಲೇ ಒಂದು ಅಕ್ಷರವೂ ಆಡಬಾರದು.

ಮಾಮೂಲು ಕ್ಯಾಮೆರಾ ನೋಟದಲ್ಲಿ ನಾಡ್ಯೂಲ್ ಯಾವುದು, ಸಿಸ್ಟ್ ಯಾವುದು ಎಂದು ಹೇಳುವುದು ಕಷ್ಟ. ಸ್ಟ್ರೋಬೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಮಿನುಗುವ ಬೆಳಕು ಬಿಟ್ಟು ತಂತುವಿನ ಅಲೆ ನಿಧಾನವಾಗಿ ಕಾಣುವಂತೆ ಮಾಡುತ್ತಾರೆ. ಹಾಡುಗಾರರಿಗೆ ಅದೇ ಆಗಬೇಕು. ಡಾಕ್ಟರನ್ನು ಕೇಳಬೇಕಾದ್ದು ಇಷ್ಟು: ಒಂದು ಕಡೆಯೋ ಎರಡೂ ಕಡೆಯೋ, ಅಲೆ ಪೂರ್ತಿ ಹರಿಯುತ್ತಿದೆಯೋ ನಡುವೆ ನಿಲ್ಲುತ್ತಿದೆಯೋ, ತಂತುಗಳು ಮುಚ್ಚಿಕೊಂಡಾಗ ಸಂದು ಉಳಿಯುತ್ತಿದೆಯೇ, ಹೊಟ್ಟೆಯ ಆ್ಯಸಿಡ್ ಮೇಲೆ ಬಂದು ಕೆಂಪಾಗಿದೆಯೇ. ವಿಡಿಯೋ ಪ್ರತಿಯನ್ನು ಇಸಿದುಕೊಳ್ಳಿ. ಮುಂದಿನ ಪರೀಕ್ಷೆಯಲ್ಲಿ ಹೋಲಿಸಿ ನೋಡಲು ಅದು ಇರಲೇಬೇಕು. ಬೇರೆಯವರಿಗೂ ಒಂದು ಮಾತು: ಕರ್ಕಶ ದನಿ 4 ವಾರ ದಾಟಿದರೆ ಕಷಾಯ ಕುಡಿಯುತ್ತಾ ಕೂರಬೇಡಿ, ಒಳಗೆ ನೋಡಿಸಿ.

ಮೌನದ ಬಗ್ಗೆ ಒಂದು ಮಾತು. ಪೂರ್ತಿ ಮೌನ ಬೇಕಾಗುವುದು ರಕ್ತಸ್ರಾವಕ್ಕೆ ಮತ್ತು ಆಪರೇಷನ್ ಆದ ಮೊದಲ ದಿನಗಳಿಗೆ. ನಾಡ್ಯೂಲ್‌ಗೆ ತಿಂಗಳುಗಟ್ಟಲೆ ಬಾಯಿ ಮುಚ್ಚಿ ಕೂತರೆ ಊತ ಇಳಿಯಬಹುದು, ಆದರೆ ಊತ ತಂದ ಅಭ್ಯಾಸ ಹಾಗೇ ಉಳಿದಿರುತ್ತದೆ. ಹಾಡಲು ಶುರುಮಾಡಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬರುವುದು ಅದಕ್ಕೇ. ಪಿಸುಮಾತು ಮೌನವಲ್ಲ. ಅನೇಕರು ಪಿಸುಗುಟ್ಟುವಾಗ ಗಂಟಲನ್ನು ಇನ್ನೂ ಬಿಗಿ ಹಿಡಿಯುತ್ತಾರೆ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದನ್ನು ಮೊದಲು ಬಿಡಿ, ಬದಲಿಗೆ ಒಂದು ಗುಟುಕು ನೀರು ನುಂಗಿ. ಕುಡಿದ ನೀರು ತಂತುವಿಗೆ ನೇರ ತಾಗುವುದಿಲ್ಲ, ಮೈಯೆಲ್ಲ ಸುತ್ತಿ ಅಲ್ಲಿಗೆ ತೇವ ತಲುಪಲು ಗಂಟೆಗಳು ಬೇಕು. ಹಾಗಾಗಿ ವೇದಿಕೆಯ ಮೇಲಿನ ಬಾಟಲಿಗಿಂತ ಬೆಳಗಿನಿಂದ ಕುಡಿದ ನೀರು ಮುಖ್ಯ. ತಕ್ಷಣ ತೇವ ಬೇಕೆಂದರೆ ಬರೀ ನೀರಿನ ಹಬೆಯನ್ನು 5ರಿಂದ 10 ನಿಮಿಷ ಎಳೆದುಕೊಳ್ಳಿ. ಅದಕ್ಕೆ ಕರ್ಪೂರ, ಪುದೀನ ಸತ್ವ ಹಾಕಬೇಡಿ, ಒಣಗಿಸುತ್ತದೆ.

ಈಗ ಸ್ಟ್ರಾ ಸಾಧನೆ. ಮಾಮೂಲು ದಪ್ಪದ ಸ್ಟ್ರಾವನ್ನು ಅರ್ಧ ಲೋಟ ನೀರಿನಲ್ಲಿ 2–3 ಸೆಂಟಿಮೀಟರ್ ಮುಳುಗಿಸಿ. ತುಟಿ ಸುತ್ತ ಗಾಳಿ ಸೋರಬಾರದು. "ಊ" ಎಂದು ಮೆಲ್ಲಗೆ ದನಿ ಕೊಡುತ್ತಾ ಗುಳ್ಳೆ ಎಬ್ಬಿಸಿ. ಗುಳ್ಳೆ ಒಂದೇ ಸಮ ಬರಬೇಕು. ನಡುನಡುವೆ ನಿಂತರೆ ಉಸಿರು ಸಾಲುತ್ತಿಲ್ಲ, ನೀರು ಹೊರಗೆ ಹಾರಿದರೆ ತಳ್ಳುತ್ತಿದ್ದೀರಿ ಎಂದರ್ಥ. ದನಿ ಕೊಡುವಾಗ ಮೂಗು ಹಿಡಿದು ನೋಡಿ, ಸದ್ದು ಬದಲಾದರೆ ಗಾಳಿ ಮೂಗಿನಿಂದ ಸೋರುತ್ತಿದೆ. ಮೊದಲು ಒಂದೇ ಸ್ವರ, ಆಮೇಲೆ ಮೇಲಿಂದ ಕೆಳಗೆ ಜಾರಿಸುವುದು, ಕೊನೆಗೆ ಗೊತ್ತಿರುವ ಗೀತೆಯ ಒಂದು ಸಾಲು. ಒಮ್ಮೆಗೆ 3ರಿಂದ 5 ನಿಮಿಷ, ದಿನಕ್ಕೆ 4ರಿಂದ 6 ಸಲ. ಇದು ಕೆಲಸ ಮಾಡುವುದು ಹೀಗೆ: ಕಿರಿದಾದ ದಾರಿಯಿಂದ ಹೊರಡಲಾಗದ ಗಾಳಿ ಬಾಯೊಳಗೆ ಹಿಮ್ಮುಖ ಒತ್ತಡ ತರುತ್ತದೆ, ಆ ಒತ್ತಡ ತಂತುಗಳನ್ನು ಸ್ವಲ್ಪ ದೂರ ಹಿಡಿದಿಡುತ್ತದೆ. ಹಾಗಾಗಿ ದನಿ ಬರುತ್ತದೆ, ಹೊಡೆತ ಕಡಿಮೆಯಾಗುತ್ತದೆ.

ದಿನವೂ ಮಾಡಬೇಕಾದ ಇನ್ನೊಂದು, ಊತ ಪರೀಕ್ಷೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಅತಿ ಮೆಲ್ಲನೆ, "ಇ" ಕಾರದಲ್ಲಿ, ಬಿಡಿಬಿಡಿಯಾಗಿ ಒಂದೊಂದೇ ಸ್ವರ ಏರುತ್ತಾ ಹೋಗಿ. ಎಲ್ಲಿ ದನಿ ಹುಟ್ಟಲು ತಡವಾಗುತ್ತದೋ, ದನಿಗೆ ಮೊದಲು ಬರೀ ಗಾಳಿ ಬರುತ್ತದೋ, ಆ ಸ್ವರವನ್ನು ಬರೆದಿಡಿ. ಜೋರಾಗಿ ಹಾಡಿದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಏಕೆಂದರೆ ಬಲ ಹಾಕಿದರೆ ಊದಿದ ತಂತುವೂ ಮುಚ್ಚಿಕೊಳ್ಳುತ್ತದೆ. ಎರಡು ವಾರ ಬರೆದರೆ ನಿಮ್ಮ ಮಾಮೂಲು ಗಡಿ ಎಲ್ಲಿದೆ ಎಂದು ಗೊತ್ತಾಗುತ್ತದೆ. ಯಾವತ್ತು ಆ ಗಡಿ ಎರಡು ಸ್ವರ ಕೆಳಗೆ ಬಂತೋ ಅವತ್ತು ಹಾಡಿಲ್ಲ, ಸ್ಟ್ರಾ ಮಾತ್ರ.

ವಾರಗಳ ಲೆಕ್ಕ ಎಂದು ಕೇಳಿದ್ದೀರಿ. ಡಾಕ್ಟರು "ಶುರುಮಾಡಿ" ಎಂದ ಮೇಲೆ ಹೀಗೆ ಹೋಗಬಹುದು. ಮೊದಲೆರಡು ವಾರ ಸ್ಟ್ರಾ ಮತ್ತು ಬಾಯಿ ಮುಚ್ಚಿದ "ಮ್" ಕಾರ. ಮೂರು, ನಾಲ್ಕನೇ ವಾರ ಮಂದ್ರದ (ಕೆಳಗಿನ ಸ್ಥಾಯಿಯ) ಪಂಚಮದಿಂದ ಮಧ್ಯದ ಪಂಚಮದವರೆಗೆ, 10 ನಿಮಿಷದಂತೆ ದಿನಕ್ಕೆರಡು ಸಲ. ಐದರಲ್ಲಿ ಹೊತ್ತು ಮಾತ್ರ 15–20 ನಿಮಿಷಕ್ಕೆ ಏರಿಸಿ, ಆರರಲ್ಲಿ ಅಷ್ಟೇ ಹೊತ್ತಿಗೆ ತಾರ ಷಡ್ಜ (ಮೇಲಿನ ಸ್ಥಾಯಿಯ "ಸ") ಸೇರಿಸಿ. ಏಳು, ಎಂಟರಲ್ಲಿ ಅರ್ಧ ಗಂಟೆ ಹಾಡಿ 10 ನಿಮಿಷ ಬಿಟ್ಟು ಮತ್ತೆ. ಅದಾದ ಮೇಲೆ ಪಕ್ಕವಾದ್ಯದ ಜೊತೆ. ಇದರಲ್ಲಿ ವಾರಕ್ಕಿಂತ ದೊಡ್ಡದು ಒಂದು ನಿಯಮ: ಹೊತ್ತು, ಎತ್ತರ, ಜೋರು, ಈ ಮೂರರಲ್ಲಿ ಒಮ್ಮೆಗೆ ಒಂದನ್ನೇ ಹೆಚ್ಚಿಸಿ. ಹೊತ್ತು ಹೆಚ್ಚಿಸಿದ ವಾರವೇ ತಾರಕ್ಕೆ ಹೋದವರು, ಅದೂ ತಂಡದ ಜೊತೆ ಜೋರಾಗಿ ಹಾಡಿದವರು, ಮತ್ತೆ ಮೊದಲ ವಾರಕ್ಕೆ ಬರುತ್ತಾರೆ.

ಔಷಧಿಯಲ್ಲಿ ಎಚ್ಚರ. ನೆಗಡಿಗೆ ಕೊಡುವ ಆ್ಯಂಟಿಹಿಸ್ಟಮಿನ್‌ಗಳು ಗಂಟಲು ಒಣಗಿಸುತ್ತವೆ. ಆ್ಯಸ್ಪಿರಿನ್, ಐಬುಪ್ರೊಫೇನ್ ಜಾತಿಯವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಜೋರಾಗಿ ಹಾಡುವ ದಿನಗಳಲ್ಲಿ ತಂತುವಿನಲ್ಲಿ ರಕ್ತಸ್ರಾವದ ಭಯ ಇರುತ್ತದೆ. ಹೃದಯಕ್ಕೆಂದು ಬರೆದುಕೊಟ್ಟಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮರಗಟ್ಟಿಸುವ ಗಂಟಲು ಗುಳಿಗೆ ಹಾಕಿಕೊಂಡು ಹಾಡುವುದು ಬೇಡವೇ ಬೇಡ, ನೋವಿನ ಸೂಚನೆಯೇ ಹೋಗಿಬಿಡುತ್ತದೆ. ಕಾರ್ಯಕ್ರಮದ ಮುನ್ನ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಅದೇ ಜಾತಿ. ಊತ ಇಳಿದು ದನಿ ಬರುತ್ತದೆ, ಒಳಗಿನ ಗಾಯ ಹಾಗೇ ಇರುತ್ತದೆ, ಅದರ ಮೇಲೆ ಎರಡು ಗಂಟೆ ಹಾಡಿಬಿಡುತ್ತೀರಿ.

ಆಪರೇಷನ್ ಮಾತು ಬಂದರೆ ಎರಡು ಕಡೆಯನ್ನೂ ನೋಡಿ. ಇಂಗ್ಲೆಂಡಿನ ಗಾಯಕಿ ಅಡೆಲ್ 2011ರ ನವೆಂಬರ್‌ನಲ್ಲಿ ಮಾಡಿಸಿಕೊಂಡು 2012ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಹಾಡಿದರು. ಗಾಯಕಿ, ನಟಿ ಜೂಲಿ ಆ್ಯಂಡ್ರ್ಯೂಸ್ ಅವರಿಗೆ 1997ರ ಆಪರೇಷನ್ ಬಳಿಕ ಹಾಡುವ ದನಿ ಮರಳಲಿಲ್ಲ. ಥೆರಪಿಯನ್ನು ನಿಷ್ಠೆಯಿಂದ 6ರಿಂದ 12 ವಾರ ಮಾಡಿ, ಮತ್ತೆ ಸ್ಟ್ರೋಬೋಸ್ಕೋಪಿ ಮಾಡಿಸಿ, ಆಮೇಲೆ ಆ ಯೋಚನೆ.

ಪಾಠ ಹೇಳುವ ಗಾಯಕರ ಉತ್ತರ

ಮೇಲಿನ ಮಾತೆಲ್ಲ ಒಪ್ಪುತ್ತೇನೆ, ಆದರೆ ಶ್ರುತಿಯ ವಿಷಯ ಬಿಟ್ಟುಹೋಗಿದೆ. ನನ್ನ ಪ್ರಕಾರ ಅದೇ ಮೊದಲು ಆಗಬೇಕಾದ ನಿರ್ಧಾರ.

ಐದೂವರೆ ಮನೆ ಶ್ರುತಿಯಲ್ಲಿ (ಕೀಬೋರ್ಡಿನ G#) ತಾರ ಷಡ್ಜ ಹಿಡಿದರೆ ತಂತುಗಳು ಸೆಕೆಂಡಿಗೆ ಸುಮಾರು 415 ಬಾರಿ ತಾಗಿಕೊಳ್ಳುತ್ತವೆ. ನಾಲ್ಕೂವರೆಗೆ (F#) ಇಳಿಸಿದರೆ ಅದೇ ತಾರ ಷಡ್ಜಕ್ಕೆ 370. ಒಂದು ನಿಮಿಷ ನಿಲ್ಲಿಸಿದಿರೆಂದರೆ 2,700 ಹೊಡೆತ ಉಳಿಯಿತು. ಎರಡು ಗಂಟೆಯ ಕಚೇರಿಗೆ ಇದನ್ನು ಹರಡಿ ನೋಡಿ. ಶ್ರುತಿ ಇಳಿಸಿದರೆ "ಸೋತರು" ಅಂತಾರೆ ಎಂಬ ಅಂಜಿಕೆಯಿಂದಲೇ ಎಷ್ಟೋ ಗಂಟಲು ಹಾಳಾಗಿವೆ. ಗಂಟಲಿನ ಚಿಕಿತ್ಸೆಯ ನಂತರ ದನಿ ದಪ್ಪವಾದಾಗ ಗಂಗೂಬಾಯಿ ಹಾನಗಲ್ ಅದನ್ನು ಮುಚ್ಚಿಡಲು ಹೋಗಲಿಲ್ಲ, ಆ ದಪ್ಪ ದನಿಯೇ ಅವರ ಗುರುತಾಯಿತು. ಕ್ಷಯದಿಂದ ಶ್ವಾಸಕೋಶ ಕೆಟ್ಟು ವರ್ಷಗಟ್ಟಲೆ ಹಾಡದೆ ಇದ್ದ ಕುಮಾರ ಗಂಧರ್ವರು 1950ರ ದಶಕದಲ್ಲಿ ಮರಳಿದಾಗ ಉದ್ದುದ್ದ ಉಸಿರಿನ ತಾನಗಳ ಹಿಂದೆ ಬೀಳದೆ, ಇರುವ ಉಸಿರಿಗೆ ತಕ್ಕ ಪುಟ್ಟ ಪುಟ್ಟ ಸ್ವರಗುಚ್ಛಗಳಲ್ಲಿ ರಾಗ ಕಟ್ಟಿದರು. ಇವರಿಬ್ಬರೂ ಹಿಂದಿನ ದನಿಯನ್ನು ಬೆನ್ನಟ್ಟಲಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಕೆಲಸದ ಮಾತಾಗಿ ಹೇಳುತ್ತಿದ್ದೇನೆ.

ಇಳಿಸುವಾಗ ಒಮ್ಮೆಗೆ ಅರ್ಧ ಮನೆ. ಐದೂವರೆಯಿಂದ ಐದು, ಅದರಲ್ಲಿ ಎರಡು ವಾರ, ಬೇಕಾದರೆ ನಾಲ್ಕೂವರೆ. ತೀರಾ ಇಳಿಸಿದರೆ ಮಂದ್ರದಲ್ಲಿ ದನಿ ಸಾಲದೆ ಗಂಟಲು ಒತ್ತಿ ಸದ್ದು ತೆಗೆಯುತ್ತೀರಿ, ಅದೂ ಗಾಯವೇ. ಪರೀಕ್ಷೆ ಸುಲಭ: ಮಂದ್ರ ಪಂಚಮವನ್ನು "ಆ" ಕಾರದಲ್ಲಿ ಕರಕರ ಇಲ್ಲದೆ 8 ಸೆಕೆಂಡು ನಿಲ್ಲಿಸಲು ಆಗದಿದ್ದರೆ ಶ್ರುತಿ ನಿಮಗೆ ಕೆಳಗಾಯಿತು. ಪಿಟೀಲಿನವರಿಗೂ ಮೃದಂಗದವರಿಗೂ ಮೊದಲೇ ತಿಳಿಸಿ. ಹೊಸ ಶ್ರುತಿಗೆ ಬೇರೆ ಮೃದಂಗ ತರಬೇಕಾಗಬಹುದು.

ಹಾಡುಗಳ ಪಟ್ಟಿಯನ್ನೂ ಹೊಸದಾಗಿ ಮಾಡಿ. ಪ್ರತಿ ಹಾಡಿನ ಮುಂದೆ ಮೂರು ಸಂಗತಿ ಬರೆಯಿರಿ: ಅತಿ ಮೇಲಿನ ಸ್ವರ, ಆ ಸ್ವರಕ್ಕೆ ಎಷ್ಟು ಸಲ ಹೋಗುತ್ತದೆ, ಉಸಿರಿಗೆ ಎಲ್ಲಿ ಜಾಗವಿದೆ. ಭಾರದ ಎರಡು ಹಾಡು ಒಂದರ ಹಿಂದೆ ಒಂದು ಬರಕೂಡದು. ಅತಿ ಎತ್ತರದ್ದನ್ನು ಕೊನೆಗಿಡುವ ಪದ್ಧತಿ ಗಾಯವಾದ ಗಂಟಲಿಗೆ ಒಗ್ಗುವುದಿಲ್ಲ. ಕಾದ ಗಂಟಲಿಗೆ, ಇನ್ನೂ ದಣಿಯದ ಹೊತ್ತಿಗೆ, ಮೊದಲ ಮೂರನೇ ಒಂದು ಭಾಗ ಮುಗಿಯುವಾಗ ಅದು ಬರಲಿ. ತನಿ ಆವರ್ತನವೋ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ವಾದ್ಯದ ಒಂದು ತುಣುಕೋ ಅದಾದ ಕೂಡಲೇ ಬಂದರೆ ನಿಮಗೆ 8–10 ನಿಮಿಷ ವಿಶ್ರಾಂತಿ.

ಇನ್ನೊಂದು, ಪಾಠ. ಕಾರ್ಯಕ್ರಮ ನಿಂತಿದೆ, ಪಾಠ ಹೇಳಿ ದುಡಿಯುತ್ತೇನೆ ಎಂದು ಎಲ್ಲರೂ ಹೊರಡುತ್ತಾರೆ. ಮಕ್ಕಳ ಗುಂಪಿಗೆ ಎರಡು ಗಂಟೆ ಪಾಠ ಹೇಳುವುದು ಒಂದು ಕಚೇರಿಗಿಂತ ಹೆಚ್ಚು ಗಂಟಲು ತಿನ್ನುತ್ತದೆ. ಹಾಡಿ ತೋರಿಸುವುದು, ಅವರ ದನಿಯ ಮೇಲೆ ದನಿ ಎತ್ತುವುದು, ನಡುವೆ ಮಾತು, ಇದ್ಯಾವುದಕ್ಕೂ ಬಿಡುವಿಲ್ಲ. ಪಾಠ ಹೇಳಲೇಬೇಕಾದರೆ ಒಬ್ಬೊಬ್ಬರಾಗಿ ಕರೆಯಿರಿ, ಹಳೆಯ ರೆಕಾರ್ಡಿಂಗ್ ಹಾಕಿ ಕೇಳಿಸಿ, ಸ್ವರ ತೋರಿಸಲು ಕೀಬೋರ್ಡ್ ಬಳಸಿ, ಮಕ್ಕಳು ಹಾಡುವಾಗ ಜೊತೆಗೆ ಹಾಡಬೇಡಿ.

ಪಿಟೀಲು ವಾದಕರ ಉತ್ತರ, ಕೈನೋವಿನ ಬಗ್ಗೆ

ಕೀಬೋರ್ಡ್ ಗೆಳೆಯರಿಗೆ ಇದನ್ನು ಓದಿಸಿ. ಜೋಮು ಎಂದಿದ್ದೀರಿ, ಯಾವ ಬೆರಳು ಎಂಬುದರ ಮೇಲೆ ಎಲ್ಲ ನಿಂತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಕಿರುಬೆರಳು, ಉಂಗುರ ಬೆರಳಾದರೆ ಮೊಣಕೈ ಹತ್ತಿರ ನೋಡಬೇಕು. ಮಡಿಸಿದ ಮೊಣಕೈ ಮೇಲೆ ಗಂಟೆಗಟ್ಟಲೆ ಫೋನ್ ಹಿಡಿಯುವುದೂ ಇದಕ್ಕೆ ಕಾರಣ. ಜೋಮು, ಬಲ ಕುಂದುವುದು, ವಸ್ತು ಕೈಯಿಂದ ಜಾರುವುದು ಇದ್ದರೆ ಮನೆಮದ್ದಿಗೆ ಹೊತ್ತು ಕಳೆಯದೆ ನರದ ಪರೀಕ್ಷೆ ಮಾಡಿಸಬೇಕು.

ಬರೀ ನೋವಾದರೆ ಅದು ಹೆಚ್ಚಾಗಿ ಸ್ನಾಯುರಜ್ಜು. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ನುಡಿಸುವಾಗ 2 ದಾಟಬಾರದು, ಬಂದ ನೋವು ಮಾರನೆಯ ದಿನದ ಅದೇ ಹೊತ್ತಿಗೆ ಹೋಗಿರಬೇಕು. ಹೋಗಿಲ್ಲವೆಂದರೆ ನಿನ್ನೆಯದು ಹೆಚ್ಚಾಯಿತು. ಮತ್ತೆ ಶುರುಮಾಡುವುದು ಹೀಗೆ: 5 ನಿಮಿಷದಂತೆ ದಿನಕ್ಕೆರಡು ಸಲ, ಮೂರು ದಿನ ನೋವಿಲ್ಲದೆ ಸಾಗಿದರೆ 7–8 ನಿಮಿಷ, ಹಾಗೇ ಏರುತ್ತಾ 20ರಿಂದ 25 ನಿಮಿಷಕ್ಕೆ ನಿಲ್ಲಿಸಿ. ಅದಕ್ಕಿಂತ ಉದ್ದದ ಒಂದೇ ಬೈಠಕ್ ಬೇಡ, 5 ನಿಮಿಷ ಕೈ ಕೆಳಗಿಟ್ಟು ಮತ್ತೆ ಕೂರಿ. ಶುರುವಿಗೆ ನಿಧಾನದ ರಾಗ, ಕೈ ಅಗಲಿಸದ ಸ್ವರಮೇಳ. ಆಕ್ಟೇವ್ ಚಾಚುವುದು, ಒಂದೇ ಸ್ವರವನ್ನು ವೇಗವಾಗಿ ಬಡಿಯುವುದು ಕೊನೆಗೆ. ಸ್ಟೂಲಿನ ಎತ್ತರ ಸರಿಮಾಡಿ: ಮೊಣಕೈ ಕೀಲಿಗಳ ಮಟ್ಟಕ್ಕೋ ಒಂದೆರಡು ಸೆಂಟಿಮೀಟರ್ ಮೇಲಕ್ಕೋ ಇರಬೇಕು, ಮಣಿಕಟ್ಟು ನೇರ. ವೇದಿಕೆಯಲ್ಲಿ ಕೀಬೋರ್ಡ್ ಸ್ಟ್ಯಾಂಡ್ ಮನೆಯದಕ್ಕಿಂತ ಎತ್ತರ ಇರುತ್ತದೆ, ನೋವು ಶುರುವಾಗುವುದು ಅಲ್ಲೇ. ಟೇಪ್ ಹಿಡಿದು ಅಳೆದು ಗುರುತು ಹಾಕಿಸಿ.

ನೋವೇ ಇಲ್ಲದೆ ಬೆರಳು ಮಾತು ಕೇಳದಿದ್ದರೆ ಎಚ್ಚರ. ಬರೆಯುವಾಗ, ಊಟಮಾಡುವಾಗ ಸರಿಯಿದ್ದು, ವಾದ್ಯ ಮುಟ್ಟಿದಾಗ ಮಾತ್ರ ಬೆರಳು ಒಳಗೆ ಸುರುಟಿಕೊಂಡರೆ ಅದು ಫೋಕಲ್ ಡಿಸ್ಟೋನಿಯಾ ಇರಬಹುದು. ವೃತ್ತಿವಾದಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ ಎಂಬುದು ಈಗಿನ ಅಂದಾಜು. ಗೋಳೇನೆಂದರೆ ಅದು ಸಾಧನೆ ಕಡಿಮೆಯಾದ ಹಾಗೆ ಕಾಣುತ್ತದೆ, ವಾದಕರು ಇನ್ನೂ ಹೆಚ್ಚು ಸಾಧನೆ ಮಾಡುತ್ತಾರೆ, ಅದು ಇನ್ನೂ ಬಲಿಯುತ್ತದೆ. ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈ 1960ರ ದಶಕದಲ್ಲಿ ಹೀಗಾಯಿತು. ಎಡಗೈ ಕೃತಿಗಳು, ಪಾಠ, ವಾದ್ಯವೃಂದ ನಡೆಸುವುದು, ಇದರಲ್ಲೇ ಮೂರು ದಶಕ ಕಳೆದು, 1990ರ ದಶಕದಲ್ಲಿ ಬೊಟಾಕ್ಸ್ ಚಿಕಿತ್ಸೆಯ ನೆರವಿನಿಂದ ಎರಡೂ ಕೈಯಲ್ಲಿ ನುಡಿಸಿದರು. ಮೊದಲ ಗುರುತು ಕಂಡಾಗಲೇ ಸಾಧನೆ ನಿಲ್ಲಿಸಿ ನರರೋಗ ತಜ್ಞರನ್ನು ಕಾಣಬೇಕು.

ಕೈಗೆ ವಿಶ್ರಾಂತಿ ಇರುವಾಗ ತಲೆಗೆ ಕೆಲಸ ಕೊಡಿ. ಕೃತಿಯ ಸ್ವರಪ್ರಸ್ತಾರ ಬರೆದು ಬೆರಳು ಸಂಖ್ಯೆ ಹಾಕುವುದು, ಕೈ ಆಡಿಸದೆ ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ನುಡಿಸುವುದು. ಮನಸ್ಸಿನಲ್ಲಿ ಎಲ್ಲಿ ತಡವರಿಸುತ್ತದೋ ವೇದಿಕೆಯಲ್ಲಿ ಮರೆಯುವುದೂ ಅಲ್ಲೇ.

ಕೇಳಿದವರು ಮತ್ತೆ

ತುಂಬಾ ಉಪಕಾರವಾಯಿತು. ಡಾಕ್ಟರ ವರದಿಯಲ್ಲಿ ಎರಡೂ ಕಡೆ ನಾಡ್ಯೂಲ್ ಎಂದೇ ಇದೆ. ಒಂದು ಸಂದೇಹ: ಇನ್ನೂ ಬಿಡದೆ ಉಳಿಸಿಕೊಂಡ ಒಂದು ಕಾರ್ಯಕ್ರಮ ಮುಂದಿದೆ. ಆಯೋಜಕರಿಗೆ ಏನು ಹೇಳಲಿ? ನಿಜ ಹೇಳಿದರೆ "ಇವರ ಗಂಟಲು ಹೋಯಿತು" ಎಂದು ಸುದ್ದಿಯಾಗುತ್ತದೆಂಬ ಹೆದರಿಕೆ.

ಕಾರ್ಯಕ್ರಮ ಆಯೋಜಿಸುವವರ ಉತ್ತರ

ಆಯೋಜಕರಿಗೆ ಕಷ್ಟವಾಗುವುದು ನಿಮ್ಮ ಕಾಯಿಲೆಯಿಂದಲ್ಲ, ತಡವಾಗಿ ತಿಳಿಯುವುದರಿಂದ. 3 ವಾರ ಮೊದಲು ಗೊತ್ತಾದರೆ ಬೇರೆಯವರನ್ನು ಹುಡುಕಿ ಪೋಸ್ಟರ್ ಬದಲಿಸಬಹುದು. ಎರಡು ದಿನ ಮೊದಲು ಗೊತ್ತಾದರೆ ಟಿಕೆಟ್ ದುಡ್ಡು ವಾಪಸು ಕೊಡುವುದೊಂದೇ ದಾರಿ. ಹಾಗಾಗಿ ನಿಮಗೆ ನೀವೇ ಒಂದು ಗಡುವು ಇಟ್ಟುಕೊಳ್ಳಿ: ಕಾರ್ಯಕ್ರಮಕ್ಕೆ 21 ದಿನ ಮೊದಲು 40 ನಿಮಿಷ ಹಾಡಿ, ಮಾರನೆಯ ಬೆಳಿಗ್ಗೆ ಊತ ಪರೀಕ್ಷೆಯಲ್ಲಿ ಗಡಿ ಇಳಿಯದಿದ್ದರೆ ಹೋಗಬಹುದು. ಇಳಿದರೆ ಅವತ್ತೇ ಬಿಡಿ, "ನೋಡೋಣ" ಬೇಡ.

ಸಂದೇಶದಲ್ಲಿ ನಾಲ್ಕು ವಾಕ್ಯ ಸಾಕು. ಹೀಗೆ: "ವೈದ್ಯರ ಸಲಹೆಯಂತೆ ಈ ತಿಂಗಳ ಕೊನೆಯವರೆಗೆ ನಾನು ಹಾಡುವಂತಿಲ್ಲ. ನಿಮ್ಮ ಕಾರ್ಯಕ್ರಮಕ್ಕೆ ನನ್ನ ಬದಲು ಹಾಡಬಲ್ಲ ಇಬ್ಬರನ್ನು ಕೇಳಿದ್ದೇನೆ, ಇಬ್ಬರಿಗೂ ಆ ದಿನ ಬಿಡುವಿದೆ. ಮುಂಗಡ ಹಣವನ್ನು ಈ ವಾರವೇ ಹಿಂತಿರುಗಿಸುತ್ತೇನೆ, ಅಥವಾ ಮುಂದಿನ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳುವುದಾದರೆ ತಿಳಿಸಿ. ಇಂಥ ತಿಂಗಳ ನಂತರ ನಾನು ಲಭ್ಯ." ರೋಗದ ಹೆಸರು ಬೇಡ, ಕ್ಷಮೆ ಮೂರು ಸಲ ಬೇಡ, ಸುಳ್ಳು ಕಾರಣವಂತೂ ಬೇಡ. ಸುದ್ದಿ ಹಬ್ಬುವುದು ಕಾರಣ ಹೇಳದೆ ಮಾಯವಾದಾಗ. ಫೋನ್ ಮಾಡಬೇಡಿ, ಬರೆಯಿರಿ. ಗಂಟಲಿಗೂ ಒಳ್ಳೆಯದು, ನಾಳೆ ತಕರಾರು ಬಂದರೆ ಕೈಯಲ್ಲಿ ದಾಖಲೆಯೂ ಇರುತ್ತದೆ.

ಇನ್ನು ಮುಂದೆ ಒಪ್ಪಿಕೊಳ್ಳುವಾಗ ಒಂದು ಪುಟದ ಒಪ್ಪಂದ ಇರಲಿ. ಹಾಡುವ ಹೊತ್ತು ನಿಮಿಷಗಳಲ್ಲಿ, ನಡುವಿನ ಬಿಡುವು, ಅನಾರೋಗ್ಯಕ್ಕೆ ರದ್ದಾದರೆ ಮುಂಗಡ ಏನಾಗುತ್ತದೆ, ಅವರು ರದ್ದುಮಾಡಿದರೆ ಎಷ್ಟು ಭಾಗ ನಿಮಗೆ, ರೆಕಾರ್ಡಿಂಗ್ ಯಾರದು, ಬಾಕಿ ಹಣ ಯಾವತ್ತು. "ಇನ್ನೊಂದು ಹಾಡು" ಎಂದು ಸಭೆ ಕೂಗಿದಾಗ ನಿಮ್ಮ ಪರವಾಗಿ ಬೇಡ ಎನ್ನಬೇಕಾದ್ದು ನಿರೂಪಕರು. ಅದನ್ನು ಮೊದಲೇ ಅವರಿಗೆ ಹೇಳಿಡಿ.

ಸೌಂಡ್ ಎಂಜಿನಿಯರ್ ಉತ್ತರ

ಗಂಟಲು ಹೋಗುವುದರಲ್ಲಿ ನಮ್ಮ ಕಡೆಯ ಪಾಲೂ ಇದೆ. ತನ್ನ ದನಿ ತನಗೆ ಕೇಳದಿದ್ದರೆ ಮನುಷ್ಯ ತಿಳಿಯದೆಯೇ ಜೋರು ಮಾಡುತ್ತಾನೆ. ವೇದಿಕೆಯ ಸದ್ದು ತಗ್ಗಿಸದೆ ಗಾಯಕಿಗೆ "ಮೆಲ್ಲಗೆ ಹಾಡಿ" ಎಂದರೆ ಆಗದ ಮಾತು.

ಸೌಂಡ್ ಚೆಕ್‌ನಲ್ಲಿ ಹೀಗೆ ಕೇಳಿ. ಮೊದಲು ನಿಮ್ಮ ಮಾನಿಟರ್‌ನಲ್ಲಿ (ವೇದಿಕೆಯಲ್ಲಿ ನಿಮ್ಮ ಕಡೆ ತಿರುಗಿಸಿಟ್ಟ ಸ್ಪೀಕರ್) ನಿಮ್ಮ ದನಿ ಮತ್ತು ಶ್ರುತಿ ಮಾತ್ರ, ಉಳಿದದ್ದನ್ನು ಒಂದೊಂದಾಗಿ ಸೇರಿಸಿ. ಇನ್ನೂ ಕೇಳುತ್ತಿಲ್ಲ ಎಂದರೆ ದನಿ ಏರಿಸಲು ಹೇಳುವ ಮುನ್ನ ಬೇರೆಯದನ್ನು ಇಳಿಸಲು ಹೇಳಿ. ಮೈಕ್ ಬಾಯಿಯಿಂದ 3–5 ಸೆಂಟಿಮೀಟರ್ ಇರಲಿ. ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಹೋಗುತ್ತದೆ, ಅದನ್ನು ನಿಮ್ಮ ಗಂಟಲು ತುಂಬಬೇಕಾಗುತ್ತದೆ. ಕಾರ್ಡಿಯಾಯ್ಡ್, ಅಂದರೆ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮೈಕ್‌ಗೆ ಹಿಂಬದಿಯಿಂದ ನೇರ ಬರುವ ಸದ್ದು ಅತಿ ಕಡಿಮೆ ಕೇಳುತ್ತದೆ, ಆದ್ದರಿಂದ ಮಾನಿಟರ್ ನಿಮ್ಮ ಎದುರು ನೇರಕ್ಕಿರಬೇಕು. ಇನ್ನೂ ಕಿರಿದಾಗಿ ಹಿಡಿಯುವ ಸೂಪರ್‌ಕಾರ್ಡಿಯಾಯ್ಡ್ ಆದರೆ ಆ ಕಿವುಡು ಜಾಗ ಹಿಂಬದಿಯ ಎರಡು ಓರೆಗಳಲ್ಲಿರುತ್ತದೆ, ಮಾನಿಟರನ್ನು ಪಕ್ಕಕ್ಕೆ ಸರಿಸಬೇಕು. ಇದು ತಪ್ಪಿದರೆ ಸ್ಪೀಕರಿನಿಂದ ಕೀರಲು ಕೂಗು (ಫೀಡ್‌ಬ್ಯಾಕ್) ಬರುತ್ತದೆ, ಎಂಜಿನಿಯರ್ ನಿಮ್ಮ ದನಿ ಇಳಿಸುತ್ತಾರೆ, ನೀವು ಜೋರು ಮಾಡುತ್ತೀರಿ. ಮೈಕ್‌ನ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿದರೂ ಇದೇ ಪಾಡು.

ಇನ್-ಇಯರ್ (ಕಿವಿಯೊಳಗೆ ಹಾಕುವ ಮಾನಿಟರ್) ಬಳಸಿದರೆ ಎರಡೂ ಕಿವಿಗೆ ಹಾಕಿ. ಒಂದನ್ನು ತೆಗೆದವರು ಇನ್ನೊಂದನ್ನು ಜೋರು ಮಾಡಿಕೊಳ್ಳುತ್ತಾರೆ. ಕಿವಿಯ ಲೆಕ್ಕವೂ ತಿಳಿದಿರಲಿ: 85 ಡೆಸಿಬೆಲ್‌ಗೆ 8 ಗಂಟೆ, ಪ್ರತಿ 3 ಡೆಸಿಬೆಲ್ ಏರಿಕೆಗೆ ಹೊತ್ತು ಅರ್ಧ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ತಾಳವಾದ್ಯದ ಪಕ್ಕ ಕೂರುವವರು ಸಂಗೀತಗಾರರಿಗೆಂದೇ ಮಾಡುವ ಕಿವಿಬಿರಡೆ ಹಾಕಬೇಕು. ಅದು ಎಲ್ಲ ಸ್ವರವನ್ನೂ ಸಮನಾಗಿ 9, 15 ಅಥವಾ 25 ಡೆಸಿಬೆಲ್ ತಗ್ಗಿಸುತ್ತದೆ. ಸ್ಪಂಜಿನ ಬಿರಡೆ ಮೇಲಿನ ಸ್ವರಗಳನ್ನು ಮಾತ್ರ ಹೆಚ್ಚು ನುಂಗಿ ಎಲ್ಲ ಮಬ್ಬು ಮಾಡುತ್ತದೆ.

ರಂಗನಟರ ಉತ್ತರ

ಎಲ್ಲರೂ ಹಾಡಿನ ಬಗ್ಗೆ ಹೇಳಿದ್ದಾರೆ. ಗಂಟು ತರುವುದರಲ್ಲಿ ಮಾತಿನ ಪಾಲು ಕಡಿಮೆಯಲ್ಲ. ದಿನದಲ್ಲಿ ಎಷ್ಟು ಮಾತಾಡುತ್ತೀರಿ, ಎಲ್ಲಿ ಆಡುತ್ತೀರಿ ನೋಡಿಕೊಳ್ಳಿ. ಕಾರಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಗದ್ದಲದಲ್ಲಿ ಆಡಿದ ಮಾತು ವೇದಿಕೆಯ ಮಾತಿಗಿಂತ ಭಾರ. ಇನ್ನೊಂದು ಕೋಣೆಯಲ್ಲಿರುವವರನ್ನು ಕೂಗಬೇಡಿ, ಎದ್ದು ಹೋಗಿ. ವಾಕ್ಯದ ಕೊನೆಯಲ್ಲಿ ಉಸಿರು ಮುಗಿದು ದನಿ ಕರಕರ ಎನ್ನುವವರೆಗೆ ಎಳೆಯಬೇಡಿ.

ವೇದಿಕೆಯ ಭಯಕ್ಕೆ ಬರುತ್ತೇನೆ, ಏಕೆಂದರೆ ಬಿಡುವಿನ ನಂತರ ಅದು ಇಮ್ಮಡಿಯಾಗಿ ಬರುತ್ತದೆ. ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ 1967ರಲ್ಲಿ ಸಾವಿರಾರು ಜನರ ಮುಂದೆ ಸಾಲು ಮರೆತ ಮೇಲೆ 1990ರ ದಶಕದವರೆಗೆ ಟಿಕೆಟಿನ ಕಾರ್ಯಕ್ರಮಗಳಿಂದ ಬಹುಮಟ್ಟಿಗೆ ದೂರ ಉಳಿದರು. ಪಿಯಾನೋ ವಾದಕ ಹೊರೊವಿಟ್ಸ್ 1953ರಿಂದ 1965ರವರೆಗೆ ವೇದಿಕೆ ಏರಲಿಲ್ಲ. ಭಯ ಕೌಶಲ ಇಲ್ಲದವರಿಗೆ ಬರುವ ರೋಗವಲ್ಲ. ಮದ್ದು, ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು: ಫೋನಿನಲ್ಲಿ ರೆಕಾರ್ಡ್ ಮಾಡಿ ನಿಲ್ಲಿಸದೆ ಒಮ್ಮೆ, ಇಬ್ಬರು ಗೆಳೆಯರ ಮುಂದೆ ಒಮ್ಮೆ, ಹತ್ತು ಜನರ ಮನೆ ಕಚೇರಿ, ಆಮೇಲೆ ಸಣ್ಣ ಸಭೆ. ಪ್ರತಿ ಹಾಡಿನಲ್ಲೂ ಮರೆತರೆ ನೆಗೆಯಲು ಮೂರು ಜಾಗ ಗುರುತಿಸಿಡಿ, ಉದಾಹರಣೆಗೆ ಎರಡನೇ ಚರಣದ ಎತ್ತುಗಡೆ. ಅಲ್ಲಿಂದಲೇ ಶುರುಮಾಡುವುದನ್ನು ಬೇರೆಯಾಗಿ ಅಭ್ಯಾಸ ಮಾಡಿ.

ಕೈ ನಡುಗುವವರಿಗೆ ಪ್ರೊಪ್ರನೊಲಾಲ್ ಎಂಬ ಗುಳಿಗೆಯನ್ನು ಡಾಕ್ಟರು ಬರೆದುಕೊಡುವುದುಂಟು. ಅದು ಎದೆಬಡಿತ, ನಡುಕ ತಗ್ಗಿಸುತ್ತದೆ, ಚಿಂತೆಯನ್ನಲ್ಲ. ಆಸ್ತಮಾ ಇದ್ದವರು, ನಾಡಿ ಮೊದಲೇ ನಿಧಾನ ಇರುವವರು ಮುಟ್ಟಬಾರದು. ಗೆಳೆಯರ ಡಬ್ಬಿಯಿಂದ ತೆಗೆದು ನುಂಗುವ ಗುಳಿಗೆ ಅಲ್ಲ ಅದು, ಮೊದಲ ಸಲ ನುಂಗುವುದು ಕಾರ್ಯಕ್ರಮದ ದಿನವಂತೂ ಅಲ್ಲವೇ ಅಲ್ಲ.

ಸಂಗೀತ ಸಂಯೋಜಕರ ಉತ್ತರ, ಹೊಟ್ಟೆಪಾಡಿನ ಬಗ್ಗೆ

ಹಾಡದ ತಿಂಗಳುಗಳಲ್ಲಿ ಹಳೆಯ ಹಾಡುಗಳ ಲೆಕ್ಕ ಸರಿಮಾಡಿ. ಒಂದು ಹಾಡಿನಲ್ಲಿ ಹಕ್ಕು ಎರಡು ಬಗೆ: ಸಾಹಿತ್ಯ-ರಾಗಸಂಯೋಜನೆಯದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ನೀವು ಬರೀ ಹಾಡಿದ್ದೀರಾ, ರಾಗ ನಿಮ್ಮದೇ, ಮುದ್ರಣಕ್ಕೆ ದುಡ್ಡು ಹಾಕಿದವರು ಯಾರು, ಇದನ್ನು ಒಂದು ಹಾಳೆಯಲ್ಲಿ ಹಾಡುವಾರು ಬರೆಯಿರಿ. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರಗಳ ಐಎಸ್‌ಆರ್‌ಸಿ ಸಂಖ್ಯೆ, ಅಂದರೆ ಆ ಮುದ್ರಣವನ್ನು ಎಲ್ಲೆಡೆ ಗುರುತಿಸುವ ಸಂಖ್ಯೆ, ಇರಬೇಕು. ಅದಿಲ್ಲದಿದ್ದರೆ, ಹೆಸರು ಒಂದು ಕಡೆ ಒಂದು ಥರ ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದರೆ, ಬರಬೇಕಾದ ಹಣ ದಾರಿಯಲ್ಲೇ ನಿಲ್ಲುತ್ತದೆ. ಒಂದೇ ಮುದ್ರಣವನ್ನು ಮತ್ತೆ ಬಿಡುಗಡೆ ಮಾಡುವಾಗ ಹಳೆಯ ಸಂಖ್ಯೆಯನ್ನೇ ಕೊಡಿ. ಹೊಸದಾಗಿ ಹಾಡಿ ಮುದ್ರಿಸಿದರೆ ಮಾತ್ರ ಹೊಸ ಸಂಖ್ಯೆ.

ಇಬ್ಬರು ಮೂವರು ಸೇರಿ ಮಾಡಿದ ಹಾಡಾದರೆ ಯಾರಿಗೆ ಶೇಕಡಾ ಎಷ್ಟು ಎಂದು ಮುದ್ರಣದ ದಿನವೇ ಬರೆದು ಸಹಿ ಹಾಕಬೇಕು, ಒಟ್ಟು 100 ಬರಬೇಕು. ಗೆಳೆತನ ಚೆನ್ನಾಗಿದ್ದಾಗಲೇ ಮಾಡುವ ಕೆಲಸ ಇದು. ದನಿ ಬೇಡದ ಕೆಲಸಗಳೂ ಇವೆ: ರಾಗ ಹಾಕುವುದು, ಸ್ವರಲಿಪಿ ಬರೆದುಕೊಡುವುದು, ವಿದ್ಯಾರ್ಥಿಗಳ ರೆಕಾರ್ಡಿಂಗ್ ಕೇಳಿ ಲಿಖಿತ ಟಿಪ್ಪಣಿ ಕೊಡುವುದು. ಕೊನೆಯದಕ್ಕೆ ಈಗ ಬೇಡಿಕೆ ಇದೆ. ಮರಳಿ ಹಾಡಲು ಶುರುಮಾಡಿದ ಮೇಲೆ ಬಂದ ಸಂಭಾವನೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ, ಆರು ತಿಂಗಳ ಮನೆ ಖರ್ಚು ಆಗುವವರೆಗೆ. ದುಡ್ಡಿನ ಒತ್ತಡ ಇದ್ದವರು ಮೂರನೇ ವಾರಕ್ಕೇ ವೇದಿಕೆ ಏರುತ್ತಾರೆ, ಗಂಟು ಮರಳುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಕೇಳಿದವರು ಮತ್ತೆ

ಕೊನೆಯ ಪ್ರಶ್ನೆ. ಮರಳಿ ಹಾಡುವ ಮೊದಲ ಕಾರ್ಯಕ್ರಮದ ದಿನ ಹೇಗಿರಬೇಕು?

ಧ್ವನಿ ತರಬೇತಿ ಕೊಡುವವರು

ಬೆಳಿಗ್ಗೆ ಎದ್ದ ಕೂಡಲೇ ಊತ ಪರೀಕ್ಷೆ, ಆಮೇಲೆ 3 ನಿಮಿಷ ಸ್ಟ್ರಾ. ಹಗಲೆಲ್ಲ ಮಾತು ಕಡಿಮೆ, ಫೋನ್ ಬೇರೆಯವರ ಕೈಯಲ್ಲಿ. ಊಟ ಕಾರ್ಯಕ್ರಮಕ್ಕೆ 3 ಗಂಟೆ ಮೊದಲು ಮುಗಿಯಲಿ. ಸೌಂಡ್ ಚೆಕ್‌ನಲ್ಲಿ ಒಂದು ಎತ್ತರದ ಸಾಲು, ಒಂದು ಮಂದ್ರದ ಸಾಲು ಮಾತ್ರ ನಿಜದನಿಯಲ್ಲಿ, ಉಳಿದದ್ದು ಕೆಳಗಿನ ಸ್ಥಾಯಿಯಲ್ಲಿ ಗುನುಗುವುದು. ಅಲ್ಲೇ ಪೂರ್ತಿ ಕಚೇರಿ ಹಾಡಿ ಮುಗಿಸುವವರಿದ್ದಾರೆ, ಹಾಗೆ ಮಾಡಬೇಡಿ. ವೇದಿಕೆಗೆ 30 ನಿಮಿಷ ಮೊದಲು 15 ನಿಮಿಷದ ತಯಾರಿ: ಸ್ಟ್ರಾ, "ಮ್" ಕಾರ, ಜಾರು ಸ್ವರ, ನಿಧಾನದ ಸರಳೆ. ಮೊದಲ ಕಾರ್ಯಕ್ರಮ ಒಟ್ಟು 40 ನಿಮಿಷ ದಾಟಬಾರದು.

ಮುಗಿದ ಮೇಲೆ 5 ನಿಮಿಷ ಸ್ಟ್ರಾದಲ್ಲಿ ಮೇಲಿಂದ ಕೆಳಕ್ಕೆ ಜಾರಿಸಿ. ಅಪಾಯ ಕಾದಿರುವುದು ಅದರ ನಂತರದ ಅರ್ಧ ಗಂಟೆಯಲ್ಲಿ. ಜನ ಬಂದು ಮಾತಾಡಿಸುತ್ತಾರೆ, ಸಭಾಂಗಣದಲ್ಲಿ ಗದ್ದಲ, ದಣಿದ ತಂತುಗಳಿಂದ ನೀವು ದನಿ ಎತ್ತಿ ಉತ್ತರ ಕೊಡುತ್ತೀರಿ. ಕೈಮುಗಿದು ನಗಿ, ಮಾತಿಗೆ ತಂಡದ ಒಬ್ಬರು ಪಕ್ಕದಲ್ಲಿ ನಿಂತಿರಲಿ. ಮಾರನೆಯ ದಿನಕ್ಕೆ ಹಾಡು, ಪಾಠ, ರೆಕಾರ್ಡಿಂಗ್ ಏನನ್ನೂ ಒಪ್ಪಿಕೊಂಡಿರಬೇಡಿ. ಬೆಳಗಿನ ಊತ ಪರೀಕ್ಷೆಯಲ್ಲಿ ಯಾವ ಸ್ವರ ಬಂತು ಎಂಬುದನ್ನು ನೋಡಿ ಎರಡನೇ ಕಾರ್ಯಕ್ರಮದ ತಾರೀಖು ಕೊಡಿ.